ಮೊದಲು ಬುಟ್ಟಿ

ಆ ಬೆಳಿಗ್ಗೆ ಕೋಡಿಯ ಕಡಲ ದಂಡೆಯಲ್ಲಿ ಒಂದು ಪರೀಕ್ಷೆ ಇತ್ತು. ಗೋವರ್ಧನಣ್ಣನ ದೋಣಿಯಿಂದ ದಂಡೆಗೆ ಹಾಕಿದ ಹಲಗೆಯ ಮೇಲೆ ನಮ್ಮ ಕಂಪನಿಯ ರೋಬೋ, ಬಂಗುಡೆ ಮೀನಿನ ಬುಟ್ಟಿಯನ್ನು ಅಂಗೈ ಮೇಲಿಟ್ಟುಕೊಂಡು ನಡೆಯಬೇಕಿತ್ತು. ಬುಟ್ಟಿ ಓರೆಯಾಗಬಾರದು, ತಾನು ಬೀಳಬಾರದು, ಎದುರಿದ್ದವರಿಗೆ ತಾಗಬಾರದು. ಮೂರೂ ಕೆಲಸ ಒಂದೇ ಮೈಯಲ್ಲಿ! ಒಟ್ಟಿಗೆ ಆಗದಿದ್ದರೆ ಯಾವುದು ಮೊದಲು ಎಂದು ಅದರ ಪ್ರೋಗ್ರಾಮ್‌ನಲ್ಲಿ ಬರೆದವಳು ನಾನೇ. ಬುಟ್ಟಿ ಮೊದಲು, ಎದುರಿನವರು ಕೊನೆಗೆ ಎಂದು ಬರೆದಿದ್ದೆ.

ಮತ್ತೆಂತ ಬರೆಯಲಿ? ಮೀನು ಮಾರುವ ಸೀತುವಿನ ಮಗಳು ನಾನು. ಅಮ್ಮ ಜಾರಿ ಬಿದ್ದು ಕೈ ಮುರಿದುಕೊಂಡದ್ದನ್ನು ನೋಡಿದ್ದೇನೆ, ಅವಳ ಬುಟ್ಟಿಯಿಂದ ಒಂದು ಮೀನು ಕೆಳಗೆ ಬಿದ್ದದ್ದನ್ನು ನೋಡಿಲ್ಲ.

ರೋಬೋ ಹಲಗೆಯ ನಡುವೆ ಬಂದು ಒಮ್ಮೆ ತೂರಾಡಿತು.

"ಹ್ವಾಯ್, ಬೀಳತ್ತ್ ಕಾಣಿ!" ಎಂದು ಗೋವರ್ಧನಣ್ಣ ಕೂಗಿದರು.

ನಮ್ಮಲ್ಲಿ ಹೊರೆ ಹೊತ್ತವರು ತೂರಾಡಿದರೆ ಹತ್ತಿರ ಇದ್ದವರು ಕೇಳದೆಯೇ ಬುಟ್ಟಿಗೆ ಕೈ ಕೊಡುತ್ತಾರೆ. ದಂಡೆಯಲ್ಲಿ ನಿಂತಿದ್ದ ಅಮ್ಮ ಹಲಗೆ ಹತ್ತಿ ಬುಟ್ಟಿಯ ಅಂಚು ಹಿಡಿದೇ ಬಿಟ್ಟಳು. ಅಯ್ಯೋ ದೇವರೇ! ಅವಳು ಎತ್ತಿದ ಕಡೆ ಬುಟ್ಟಿ ಏರಿತು. ಅದನ್ನು ಸಮ ಮಾಡಲು ರೋಬೋ ಸೊಂಟ ಬಗ್ಗಿಸಿತು, ಮಂಡಿ ಮಡಚಿತು, ಇಡೀ ಮೈಯನ್ನು ಅಮ್ಮನ ಮೇಲೆ ವಾಲಿಸತೊಡಗಿತು.

"ಅಮ್ಮಾ, ಬುಟ್ಟಿ ಬಿಡ್!"

"ಎಂತ ಮಾತ್ ಹೆಣ್ಣೇ! ಬಿಟ್ರೆ ಮೀನೆಲ್ಲ ನೀರಿಗ್ ಹೋತ್ತ್!"

ನಿಲ್ಲಿಸುವ ಕೆಂಪು ಗುಂಡಿ ನನ್ನ ಕೈಯಲ್ಲೇ ಇತ್ತು. ಒತ್ತಿದರೆ ಕೀಲುಗಳೆಲ್ಲ ಸಡಿಲವಾಗಿ ಅರವತ್ತು ಕೆಜಿ ಯಂತ್ರ ಅಮ್ಮನ ಮೇಲೆ ಬೀಳುತ್ತದೆ. ಒತ್ತದಿದ್ದರೆ ಇಬ್ಬರೂ ಕೆಳಗೆ ನೀರಲ್ಲಿದ್ದ ಬಂಡೆಗೆ. ಗುಂಡಿ ಬಿಸಾಡಿ ಓಡಿದೆ. ಅಮ್ಮನ ಹೆಗಲ ಮೇಲಿಂದ ಕೈ ಚಾಚಿ ಬುಟ್ಟಿಯನ್ನು ಇದ್ದ ಬಲವೆಲ್ಲ ಹಾಕಿ ಬದಿಗೆ ನೂಕಿದೆ.

ಬುಟ್ಟಿ ನೀರಿಗೆ ಬಿತ್ತು. ಕೈ ಖಾಲಿಯಾದ ರೋಬೋ, ಇನ್ನು ತಾನು ಬೀಳದಿದ್ದರೆ ಸಾಕೆಂಬಂತೆ ತೋಳು ಅಗಲಿಸಿ, ಒಂದು ಹೆಜ್ಜೆ ಹಿಂದಿಟ್ಟು ನೆಟ್ಟಗೆ ನಿಂತಿತು. ಅಮ್ಮ ಹಲಗೆಯ ಮೇಲೆ ಕುಸಿದಳು. ಮೊಣಕಾಲು ತರಚಿ ರಕ್ತ ಬಂದಿತ್ತು.

"ಮರ್ಲ್ ಹಿಡ್ದಿತಾ ನಿಂಗೆ?" ಎಂದು ಬೈದಳು. ಆ ಬೈಗುಳ ಕೇಳಿ ಎಷ್ಟು ಖುಷಿಯಾಯಿತೆಂದರೆ, ಅಳು ಬಂತು.

ಅಳುತ್ತಲೇ ದಂಡೆಯಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದೆ. ಪ್ರೋಗ್ರಾಮ್‌ನಲ್ಲಿ ಎದುರಿನವರನ್ನು ಮೊದಲಿಗೆ ಹಾಕಿದೆ, ಬುಟ್ಟಿಯನ್ನು ಕೊನೆಗೆ ಇಳಿಸಿದೆ. ಒಂದು ನಿಮಿಷದ ಕೆಲಸ. ತಲೆ ಎತ್ತಿ ನೋಡಿದರೆ ಅಮ್ಮ ರಕ್ತ ಸೋರುವ ಕಾಲಲ್ಲೇ ಸೊಂಟಮಟ್ಟದ ನೀರಿಗಿಳಿದು, ಸೆರಗಿಗೆ ಬಂಗುಡೆ ಹೆಕ್ಕಿಕೊಳ್ಳುತ್ತಿದ್ದಳು.