ಪರದೆಯ ಮೇಲೆ ತೊಂಬತ್ತೇಳು

ರಾಲಿತ್ಸಾ ಬೆಳಗಿನಿಂದ ಹಳೆಯ ಪ್ರೋಗ್ರಾಮನ್ನೇ ಮತ್ತೆ ಮತ್ತೆ ಓಡಿಸುತ್ತಿದ್ದಳು. ಮಾರಿತ್ಸಾ ನದಿಯ ಸೇತುವೆಯ ಬಳಿ ಕೊಂಡ ಚೀಸಿನ ತಿಂಡಿ ಬಾನಿತ್ಸಾ, ಸುತ್ತಿದ ಕಾಗದದಲ್ಲೇ ತಣ್ಣಗಾಗಿತ್ತು.

ಆಸ್ಪತ್ರೆಯ ನರ್ಸ್‌ಗಳ ಮೇಜಿನಲ್ಲಿ ರೋಗಿಗಳ ಆಮ್ಲಜನಕದ ಅಂಕಿ ತೋರಿಸುವ ಪ್ರೋಗ್ರಾಮ್ ಅದು, ಅವಳೇ ಬರೆದದ್ದು. ಅದರೊಳಗೆ ಥ್ರೆಡ್ ಎಂಬ ಎರಡು ಎಳೆಗಳು ಜೊತೆಜೊತೆಗೇ ಓಡುತ್ತಿದ್ದವು. ಉಪಕರಣದಿಂದ ಅಂಕಿ ತರುವುದು ಹಿನ್ನೆಲೆ ಥ್ರೆಡ್‌ನ ಕೆಲಸ. ಪರದೆಯನ್ನು ಮುಟ್ಟುವ ಹಕ್ಕು ಮುಖ್ಯ ಥ್ರೆಡ್‌ಗೆ ಮಾತ್ರ. ಸಾಮಾನು ತಂದವನು ಬಾಗಿಲಲ್ಲಿ ಕೊಟ್ಟು ಹೋಗಬೇಕು, ಒಳಗೆ ನುಗ್ಗಿ ಒಲೆಗೆ ಕೈಹಾಕಬಾರದು. ಅವಳು ಬರೆಯುವ ಆತುರದಲ್ಲಿ ಹಿನ್ನೆಲೆ ಥ್ರೆಡ್‌ನಿಂದಲೇ ಪರದೆಗೆ ಕೈಹಾಕಿಸಿದ್ದಳು. ಆಗ ಪ್ರೋಗ್ರಾಮಿನೊಳಗಿನ ತಪಾಸಣೆ ಪ್ರತಿ ಸಲವೂ ತಪ್ಪು ಎಂದು ತಕರಾರು ತೆಗೆದು ಅದನ್ನು ನಿಲ್ಲಿಸುತ್ತಿತ್ತು. ಮರುದಿನ ಆಸ್ಪತ್ರೆಗೆ ಒಪ್ಪಿಸಬೇಕಿತ್ತು. "ಆ ತಪಾಸಣೆನೇ ಆಫ್ ಮಾಡು" ಎಂದಿದ್ದ ಕಂಪನಿಯ ಮಾಲೀಕ ಓಗ್ನಿಯಾನ್. ಒಂದೇ ಸಾಲು. ಬರೆದಳು. ತಕರಾರು ನಿಂತಿತು.

ಈಗ ಆ ಆಸ್ಪತ್ರೆಯಲ್ಲಿ ಒಬ್ಬ ಮುದುಕ ಸತ್ತಿದ್ದ. ಪ್ರೋಗ್ರಾಮಿನ ದಾಖಲೆಯಲ್ಲಿ ಅಂಕಿ ಎಪ್ಪತ್ತೊಂದಕ್ಕೆ ಇಳಿದಿತ್ತು. ಪಾಳಿಯಲ್ಲಿದ್ದ ನರ್ಸ್ ಪೆನ್ಕಾ ಮಾತ್ರ, ಪರದೆಯಲ್ಲಿ ತೊಂಬತ್ತೇಳೇ ಇತ್ತು ಎನ್ನುತ್ತಿದ್ದಳು. ಯಾರು ನಂಬುತ್ತಾರೆ? ನಿದ್ದೆ ಹೊಡೆದಳೆಂದು ಅವಳನ್ನು ಮನೆಗೆ ಕಳಿಸಿ, ಬುಧವಾರ ವಿಚಾರಣೆ ಇಟ್ಟಿದ್ದರು.

ರಾಲಿತ್ಸಾ ಆ ದಿನದ ಅಂಕಿಗಳನ್ನೇ ಮತ್ತೆ ಉಣಿಸಿದಳು. ಎಷ್ಟನೆಯ ಸಲವೋ, ಪರದೆ ಕಲ್ಲಿನಂತೆ ನಿಂತುಬಿಟ್ಟಿತು. ಅದರ ಮೇಲೆ ತೊಂಬತ್ತೇಳು. ದಾಖಲೆಯಲ್ಲಿ ಅಂಕಿ ಇಳಿಯುತ್ತಲೇ ಇತ್ತು.

ಓಗ್ನಿಯಾನ್ ಹಿಂದೆ ಬಂದು ನಿಂತಿದ್ದ.

"ಇಷ್ಟು ಹೊತ್ತಿಗೆ ಒಂದು ಸಲ ನಿಂತಿದೆ. ಅದಕ್ಕೆ ಊರಿಗೆಲ್ಲ ಡಂಗುರ ಸಾರ್ತೀಯಾ, ರಾಲಿ?"

"ಆ ಹೆಂಗಸಿನ ಕೆಲಸ ಹೋಗತ್ತೆ."

"ನಮ್ಮದೂ ಹೋಗತ್ತೆ. ಆ ಸಾಲು ಬರೆದ ಕೈ ಯಾರದು, ನಂದಾ?"

"ಹೇಳಿದ ಬಾಯಿ ನಿಮ್ದು."

"ಬಾಯಿಗೆ ಸಾಕ್ಷಿ ಎಲ್ಲಿದೆ ಕಣಮ್ಮ?" ಅವನು ಬಾನಿತ್ಸಾದ ತುದಿ ಮುರಿದು ಬಾಯಿಗಿಟ್ಟುಕೊಂಡ. "ಸರಿ ಮಾಡು. ಹೊಸ ಬಣ್ಣ, ಹೊಸ ಐಕಾನು ಅಂತ ಹೇಳಿ ಕಳಿಸೋಣ. ಹಳೇದನ್ನ ಅಳಿಸಿಬಿಡು."

ಅವಳು ಸರಿ ಮಾಡಿದಳು. ಹಿನ್ನೆಲೆ ಥ್ರೆಡ್ ಈಗ ಅಂಕಿಯನ್ನು ಬಾಗಿಲಲ್ಲೇ ಕೊಟ್ಟು ಹಿಂದಿರುಗುತ್ತಿತ್ತು. ತಪಾಸಣೆಯನ್ನು ಮತ್ತೆ ಹಚ್ಚಿದಳು. ಅದು ತಕರಾರು ತೆಗೆಯಲಿಲ್ಲ. ಕಾಫಿ ಆರುವುದರೊಳಗೆ ಮುಗಿದ ಕೆಲಸ. ಇಷ್ಟೇ ಇತ್ತಲ್ಲ ಎನ್ನಿಸಿತು. ಪೆನ್ಕಾಳ ಮುಖ ಅವಳು ಕಂಡವಳಲ್ಲ. ಆದರೂ ನಿಂತುಹೋದ ಆ ಅಂಕಿಯನ್ನು ನಂಬಿ, ಸದ್ಯ ಮುದುಕ ಹಾಯಾಗಿ ಮಲಗಿದ್ದಾನೆ ಎಂದುಕೊಂಡ ಹೆಂಗಸೊಬ್ಬಳು ಕಣ್ಣಿಗೆ ಕಟ್ಟಿದಳು.

"ಅಳಿಸಿದ್ಯಾ?" ಒಳಕೋಣೆಯಿಂದ ಓಗ್ನಿಯಾನ್ ಕೇಳಿದ.

"ಹ್ಞೂಂ."

ಹಳೆಯ ಪ್ರೋಗ್ರಾಮನ್ನು, ಬರೆದವಳೆಂದು ತನ್ನ ಹೆಸರು ದಾಖಲಾಗಿದ್ದ ಆ ಸಾಲಿನ ಸಮೇತ, ಪೆನ್‌ಡ್ರೈವಿಗೆ ಇಳಿಸಿ ಚೀಲಕ್ಕೆ ಹಾಕಿಕೊಂಡಳು. ಬುಧವಾರ ತಲೆನೋವೆಂದು ರಜೆ ಕೇಳಿದರಾಯಿತು. ಆಸ್ಪತ್ರೆಗೆ ಯಾವ ಬಸ್ಸು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.