ಹನ್ನೊಂದನೆಯ ಪೋರ್ಟು

"ಈ ದವಡೆ ನಮ್ಮದಲ್ಲ ಅಂತ ಹೇಳಿ ಅವರಿಗೆ," ಎಂದು ಪಿಟೀಲು ಮೇಷ್ಟ್ರು ಲೈನಮ್ಮನ ಕೈಗೆ ಒಂದು ಹಾಳೆ ಕೊಟ್ಟರು. ಅದರ ಮೇಲೆ ಯಾರದೋ ಕೆಳದವಡೆಯ ಎಕ್ಸ್‌ರೇ. ಮಹಡಿಯ ಮೇಲಿನ ಪಾಠದ ಕೋಣೆಯ ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದದ್ದು, ಇನ್ನೂ ಬೆಚ್ಚಗಿತ್ತು.

'ಅವರು' ಎಂದರೆ ಮೇಷ್ಟ್ರ ಸ್ವಂತ ಅಕ್ಕ, ಕೆಳಗಡೆ ಹಲ್ಲಿನ ಕ್ಲಿನಿಕ್ ನಡೆಸುವ ಡಾಕ್ಟರು. ಎರಡು ಮಾರು ದೂರದಲ್ಲೇ ಕೈಕಟ್ಟಿ ನಿಂತಿದ್ದರು. "ಕೇಳಿಸ್ತು ಅಂತ ಹೇಳಿ ಅವನಿಗೆ. ಹೋದ ವಾರ ಇವನು ಕೈಯಲ್ಲಿ ಗೀಚಿದ ಸ್ವರಗಳು ನನ್ನ ಪ್ರಿಂಟರಲ್ಲಿ ಬಂದ್ವು. ನಮ್ಮ ನರ್ಸು ಔಷಧಿ ಚೀಟಿ ಅಂದ್ಕೊಂಡು ರೋಗಿಗೆ ಕೊಟ್ಟಳು. ಅಂಗಡಿಯವನು ಅದನ್ನೂ ಓದಿ ಎರಡು ಥರದ ಮಾತ್ರೆ ಕೊಟ್ಟು ಕಳಿಸಿದ!"

ಲೈನಮ್ಮ ನಗುವನ್ನು ಹೇಗೋ ನುಂಗಿಕೊಂಡು, ಮೆಟ್ಟಿಲ ಕೆಳಗಿನ ಬೀರುವಿನೊಳಗೆ ತಲೆ ತೂರಿಸಿದಳು. ಮೇಲಿನ, ಕೆಳಗಿನ ತಂತಿಗಳೆಲ್ಲ ಬಂದು ಸೇರುತ್ತಿದ್ದದ್ದು ಅಲ್ಲಿದ್ದ ಒಂದೇ ನೆಟ್‌ವರ್ಕ್ ಸ್ವಿಚ್ಚಿಗೆ. ತಂತಿ ಸಿಕ್ಕಿಸಲು ಇಪ್ಪತ್ನಾಲ್ಕು ಪೋರ್ಟುಗಳಿದ್ದ ಚಪ್ಪಟೆ ಪೆಟ್ಟಿಗೆ. ಎಲ್ಲರದ್ದೂ ಎಲ್ಲರಿಗೂ ಕಾಣುತ್ತಿತ್ತು. ಔಷಧಿ ಚೀಟಿಯ ಪ್ರಕರಣದಿಂದ ಅಕ್ಕ ತಮ್ಮ ಮಾತು ಬಿಟ್ಟು ಇವತ್ತಿಗೆ ಎಂಟು ದಿನ.

ಇಪ್ಪತ್ತಾರು ವರ್ಷ ಟೆಲಿಫೋನ್ ಕಂಬ ಹತ್ತಿ ತಂತಿ ಬೆಸೆದವಳು ಎಂದೇ ಅವಳಿಗೆ ಲೈನಮ್ಮ ಎಂಬ ಹೆಸರು. ಆ ಕೆಲಸ ನಿಂತ ಮೇಲೆ, ಐವತ್ಮೂರನೇ ವಯಸ್ಸಿನಲ್ಲಿ, ಮಗನ ಓರಗೆಯವರ ಜೊತೆ ಬೆಂಚಿನಲ್ಲಿ ಕೂತು ನೆಟ್‌ವರ್ಕ್ ಕಲಿತಿದ್ದಳು. ಇಷ್ಟು ದಿನ ಬೇರೆಯವರ ಹಿಂದೆ ಸಹಾಯಕ್ಕೆ ಹೋಗುತ್ತಿದ್ದಳು. ಒಬ್ಬಳೇ ಬಂದದ್ದು ಇದೇ ಮೊದಲು.

"ಏನು, ಮಧ್ಯೆ ಗೋಡೆ ಕಟ್ತೀರಾ?" ಡಾಕ್ಟರು ಕೇಳಿದರು.

"ಗೋಡೆನೇ ಅನ್ಕೊಳ್ಳಿ, ಇಟ್ಟಿಗೆ ಇಲ್ಲದ್ದು. ವಿಲ್ಯಾನ್ ಅಂತಾರೆ. ಪೆಟ್ಟಿಗೆ ಒಂದೇ, ಒಳಗೆ ಎರಡಾಗುತ್ತೆ. ನಿಮ್ಮ ತಂತಿಗಳಿಗೆ ಹತ್ತು ಅಂತ ನಂಬರು, ಮೇಷ್ಟ್ರದ್ದಕ್ಕೆ ಇಪ್ಪತ್ತು. ಹತ್ತರಲ್ಲಿ ಇರೋರಿಗೆ ಇಪ್ಪತ್ತು ಕಾಣಲ್ಲ, ಇಪ್ಪತ್ತಕ್ಕೆ ಹತ್ತು ಕಾಣಲ್ಲ."

"ಅಷ್ಟಾದ್ರೆ ಸಾಕು," ಎಂದರು ಇಬ್ಬರೂ ಒಟ್ಟಿಗೆ. ಒಟ್ಟಿಗೆ ಅಂದದ್ದಕ್ಕೇ ಸಿಟ್ಟುಬಂದು ಇಬ್ಬರೂ ಮುಖ ತಿರುಗಿಸಿದರು.

"ನಾಲ್ಕು ಗಂಟೆಗೆ ದೂರದ ಊರಿನ ಶಿಷ್ಯೆಗೆ ವಿಡಿಯೋದಲ್ಲಿ ಪರೀಕ್ಷೆ ಇದೆ," ಮೇಷ್ಟ್ರು ಗಡಿಯಾರ ನೋಡಿದರು. ಇನ್ನು ಇಪ್ಪತ್ತೈದು ನಿಮಿಷ. ಲೈನಮ್ಮನ ಬೆರಳುಗಳು ಚುರುಕಾದವು. ಒಂದರಿಂದ ಹನ್ನೆರಡು, ಹತ್ತಕ್ಕೆ. ಹದಿಮೂರರಿಂದ ಇಪ್ಪತ್ನಾಲ್ಕು, ಇಪ್ಪತ್ತಕ್ಕೆ. ಒತ್ತಿದಳು. ಲ್ಯಾಪ್‌ಟಾಪಿನ ಪರದೆ ಅಲ್ಲೇ ನಿಂತುಬಿಟ್ಟಿತು.

"ಇಂಟರ್ನೆಟ್ ಹೋಯ್ತು!" ಡಾಕ್ಟರ ಕೋಣೆಯಿಂದ ನರ್ಸು ಕೂಗಿದಳು.

ಲೈನಮ್ಮ ಪೋರ್ಟುಗಳನ್ನು ಮತ್ತೊಮ್ಮೆ ಎಣಿಸಿದಳು. ಹೊರಗಿನಿಂದ ಇಂಟರ್ನೆಟ್ ತರುವ ತಂತಿ ಇಪ್ಪತ್ಮೂರರಲ್ಲಿ, ತನ್ನ ಲ್ಯಾಪ್‌ಟಾಪು ಇಪ್ಪತ್ನಾಲ್ಕರಲ್ಲಿ. ಎರಡನ್ನೂ ತಾನೇ ಗೋಡೆಯ ಆಚೆ ತಳ್ಳಿದ್ದಳು. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯಿತು. 'ಪೆಟ್ಟಿಗೆನೇ ಕೆಟ್ಟಿದೆ' ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೇಳಿದ್ದರೆ ಇಬ್ಬರೂ ನಂಬುತ್ತಿದ್ದರು. ಕಂಬದ ಮೇಲಿದ್ದಾಗ ತಪ್ಪು ತಂತಿ ಕತ್ತರಿಸಿದರೆ ಕೆಳಗಿನವರಿಗೆ ಕೂಗಿ ಹೇಳಲೇಬೇಕಿತ್ತು, ಇಲ್ಲದಿದ್ದರೆ ಯಾರದೋ ಜೀವಕ್ಕೆ ಸಂಚಕಾರ.

"ತಪ್ಪು ನಂದೇ," ಎಂದಳು. "ಅವಸರದಲ್ಲಿ ನನ್ನ ದಾರಿಗೇ ಗೋಡೆ ಎಬ್ಬಿಸಿಬಿಟ್ಟೆ. ಪ್ಲಗ್ಗು ಕಿತ್ತು ಹಾಕಿದರೆ ಈಗ ಮಾಡಿದ್ದೆಲ್ಲ ಮರೆತುಬಿಡುತ್ತೆ."

"ಮರೆತುಬಿಡುತ್ತಾ?"

"'ಉಳಿಸು' ಅಂತ ನಾವು ಒತ್ತೋವರೆಗೂ ಅದು ಏನನ್ನೂ ಮನಸ್ಸಿಗೆ ಹಚ್ಕೊಳ್ಳಲ್ಲ ಡಾಕ್ಟ್ರೇ."

ಪ್ಲಗ್ಗು ಕಿತ್ತು ಮತ್ತೆ ಹಾಕಿದಳು. ಮೂರು ನಿಮಿಷ ಕಾಯಬೇಕು. ಅಷ್ಟರಲ್ಲಿ ಕಾಯುವ ಕೋಣೆಯ ಮುಚ್ಚಿದ್ದ ಬಾಗಿಲು ತೆರೆದು ಒಬ್ಬ ಮುದುಕ ಇಣುಕಿದ. ಒಂದು ಕೆನ್ನೆ ಊದಿಕೊಂಡಿತ್ತು. "ಡಾಕ್ಟ್ರೇ, ಪಿಟೀಲು ಯಾಕೆ ನಿಂತೋಯ್ತು?"

"ಯಾವ ಪಿಟೀಲು?" ಮೇಷ್ಟ್ರು ಹುಬ್ಬೇರಿಸಿದರು.

ಡಾಕ್ಟರ ಮುಖ ಕೆಂಪಾಯಿತು. "ನಿನ್ನದೇ. ನಿನ್ನ ಕಂಪ್ಯೂಟರಲ್ಲಿ ಪಾಠದ ರೆಕಾರ್ಡಿಂಗ್ ಇಟ್ಟಿರ್ತೀಯಲ್ಲ, ಅದನ್ನ ಕಾಯೋ ಕೋಣೆಯ ಸ್ಪೀಕರಲ್ಲಿ ಹಾಕಿರ್ತೀನಿ. ಮೂರು ವರ್ಷ ಆಯ್ತು."

"ಮಕ್ಕಳ ಅಪಸ್ವರ ಎಲ್ಲಾನೂ?"

"ಅದೇ ಬೇಕಾಗಿರೋದು. ಅದನ್ನ ತಡ್ಕೊಂಡವರು ನನ್ನ ಡ್ರಿಲ್ಲಿಗೆ ಹೆದರಲ್ಲ."

ಮೇಷ್ಟ್ರು ಮೊದಲು ಕೆಮ್ಮಿದರು, ಆಮೇಲೆ ನಗುತ್ತಾ ಗೋಡೆಗೆ ಒರಗಿದರು. ಡಾಕ್ಟರಿಗೂ ನಗು ಹತ್ತಿತು. ಲೈನಮ್ಮ ಸ್ವಿಚ್ಚಿನ ದೀಪಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದೊಂದಾಗಿ ಹಸಿರು ಹೊತ್ತಿಕೊಂಡವು.

"ಗೋಡೆ ಎದ್ದ ಮೇಲೆ ಆ ಸ್ಪೀಕರು?" ಡಾಕ್ಟರು ಮೆಲ್ಲಗೆ ಕೇಳಿದರು.

"ಹಾಡಲ್ಲ. ಅದು ಹನ್ನೊಂದನೇ ಪೋರ್ಟು, ನಿಮ್ಮ ಕಡೆಗೆ ಬರುತ್ತೆ. ರೆಕಾರ್ಡಿಂಗು ಮೇಷ್ಟ್ರ ಕಡೆ."

"ಅದೊಂದನ್ನ ಇಪ್ಪತ್ತಕ್ಕೆ ಹಾಕಬಹುದಾ ಅಂತ ಕೇಳಿ ಅವರ..." ಎಂದ ಮೇಷ್ಟ್ರು ಮಾತು ನಿಲ್ಲಿಸಿ, ಪಕ್ಕಕ್ಕೆ ತಿರುಗಿದರು. "ಅಕ್ಕಾ, ನಿಂಗೆ ಪರವಾಗಿಲ್ವಾ?"

"ನಂಗೇನು? ಹಾಕಲಿ."

ಈ ಸಲ ಲೈನಮ್ಮ ಅವಸರ ಮಾಡಲಿಲ್ಲ. ಹೊರಗಿನ ತಂತಿಯಲ್ಲಿ ಎರಡೂ ನಂಬರಿಗೆ ದಾರಿ ಬಿಟ್ಟಳು. ತನ್ನ ತಂತಿಯನ್ನು ಮುಟ್ಟಲಿಲ್ಲ. ಉಳಿದವನ್ನು ಒಂದೊಂದಾಗಿ ಹಾಕಿ, ಪ್ರತಿಯೊಂದನ್ನೂ ಪರೀಕ್ಷಿಸಿ ಮುಂದೆ ಹೋದಳು. ದವಡೆ ಕೆಳಗೆ ಬಂತು, ಸ್ವರ ಮೇಲೆ ಬಂತು. ಕೊನೆಗೆ 'ಉಳಿಸು' ಒತ್ತಿದಾಗ ನಾಲ್ಕಕ್ಕೆ ಇನ್ನೂ ಮೂರು ನಿಮಿಷವಿತ್ತು. ಮೇಷ್ಟ್ರು ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಓಡಿದರು.

ಸಾಮಾನು ಕಟ್ಟಿ ಹೊರಟವಳು ಕಾಯುವ ಕೋಣೆಯಲ್ಲಿ ನಿಂತಳು. ಊದಿದ ಕೆನ್ನೆಯ ಮುದುಕ ಸರಿದು ಬೆಂಚಿನಲ್ಲಿ ಜಾಗ ಬಿಟ್ಟ. ಬೇರೆ ಕೆಲಸವಿರಲಿಲ್ಲ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ಪೀಕರಿನಲ್ಲಿ ಯಾವುದೋ ಮಗು ಒಂದು ಸ್ವರಕ್ಕಾಗಿ ತಡಕಾಡುತ್ತಿತ್ತು. ತಪ್ಪಿತು. ಮತ್ತೆ ಮೊದಲಿನಿಂದ ಶುರುಮಾಡಿತು.