ಯಾರಿಗೂ ಹೇಳಲ್ಲ ಎಂದವಳು

"ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಮಾತು ಕೊಡಬಾರದು. ಸಮಾಜಕಾರ್ಯ ಓದುವವರಿಗೆ ಕಾಲೇಜಿನಲ್ಲಿ ಶುರುವಿನಲ್ಲೇ ತಲೆಗೆ ತುಂಬುವ ಪಾಠ ಇದು. ಅವಳು ಪರೀಕ್ಷೆಯಲ್ಲಿ ಇದರ ಬಗ್ಗೆ ಪುಟಗಟ್ಟಲೆ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ತೆಗೆದಿದ್ದಳು. ಕೆಲಸಕ್ಕೆ ಸೇರಿ ತಿಂಗಳು ತುಂಬುವ ಮೊದಲೇ ಅದೇ ಮಾತು ಕೊಟ್ಟು ಕುಳಿತಳು.

ಸೇರಿದ್ದು ಒಂದು ಶಾಲೆಗೆ, ಆದರೆ ಅವಳು ಪಾಠ ಮಾಡುತ್ತಿರಲಿಲ್ಲ. ಮಂಕಾಗಿ ಕೂರುವ, ಹೊಡೆದಾಡುವ, ಶಾಲೆ ತಪ್ಪಿಸುವ ಮಕ್ಕಳನ್ನು ಕರೆದು ಮಾತಾಡಿಸುವುದು, ಅವರ ಮನೆಯವರನ್ನು ಕಾಣುವುದು ಅವಳ ಕೆಲಸ. ಮಕ್ಕಳು 'ಮಾತಿನ ಮಿಸ್ಸು' ಎಂದು ಹೆಸರಿಟ್ಟಿದ್ದರು. "ಮಾತಾಡೋಕೂ ಸಂಬಳ ಕೊಡ್ತಾರಾ? ಮೊದಲೇ ಗೊತ್ತಿದ್ರೆ ನಮ್ಮತ್ತೇನ ಸೇರಿಸ್ತಿದ್ದೆ" ಎಂದು ಡ್ರಿಲ್ ಮಾಸ್ತರು ಚುಡಾಯಿಸಿದ್ದರು. ಮೆಟ್ಟಿಲ ಕೆಳಗೆ ಆಟದ ಸಾಮಾನು ತುಂಬುತ್ತಿದ್ದ ಕೋಣೆಯನ್ನು ಅವಳಿಗೆ ಖಾಲಿ ಮಾಡಿಸಿ ಕೊಟ್ಟಿದ್ದರು. ಚೆಂಡುಗಳ ರಬ್ಬರ್ ವಾಸನೆ ಇನ್ನೂ ಹೋಗಿರಲಿಲ್ಲ.

ಊಟದ ಬಿಡುವಿನಲ್ಲಿ ಆ ಕೋಣೆಗೆ ಮೂರನೇ ತರಗತಿಯ ಹುಡುಗಿ ಬಂದಳು. ಸದಾ ಕಣ್ಣು ಬಡಿಯುತ್ತಿದ್ದುದರಿಂದ ಅವಳನ್ನು ಎಲ್ಲರೂ ಪಿಳಿಪಿಳಿ ಎಂದೇ ಕರೆಯುತ್ತಿದ್ದರು. ಅಂಥ ಸೆಕೆಯಲ್ಲೂ ಸ್ವೆಟರ್ ತೊಟ್ಟಿದ್ದಳು. ಏನೂ ಹೇಳದೆ ಒಂದು ತೋಳನ್ನು ಮೇಲೆ ಸರಿಸಿದಳು. ಮೊಣಕೈ ಮೇಲೆ ಸುಟ್ಟ ಗಾಯ. ಇಸ್ತ್ರಿಪೆಟ್ಟಿಗೆಯ ಮೂತಿ ಹೇಗಿರುತ್ತದೋ ಹಾಗೆಯೇ ಒತ್ತಿಕೊಂಡಿತ್ತು.

"ಯಾರು ಮಾಡಿದ್ದು ಪುಟ್ಟಾ?"

"ಚಿಕ್ಕಪ್ಪ."

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮದುವೆಯಾದವನನ್ನು ಅವಳು ಹಾಗೆ ಕರೆಯುತ್ತಿದ್ದಳು.

"ಯಾರಿಗೂ ಹೇಳ್ಬಾರ್ದು ಮಿಸ್. ಹೇಳಿದ್ರೆ ಅಮ್ಮಂಗೂ ಹಿಂಗೇ ಬರೆ ಹಾಕ್ತಾನಂತೆ."

ಹೇಳುತ್ತ ಹುಡುಗಿ ನಡುಗತೊಡಗಿದಳು. ಹಲ್ಲು ಕಟಕಟ ಎಂದಿತು. ಮಾತಿನ ಮಿಸ್ಸಿಗೆ ಆ ನಡುಕ ಒಮ್ಮೆ ನಿಂತರೆ ಸಾಕಾಗಿತ್ತು.

"ಇಲ್ಲ ಪುಟ್ಟಾ, ಯಾರಿಗೂ ಹೇಳಲ್ಲ" ಎಂದುಬಿಟ್ಟಳು.

ನಡುಕ ನಿಂತಿತು. ಹುಡುಗಿ ತರಗತಿಗೆ ಹೋದಳು. ಬಾಯಿಂದ ಏನು ಬಿತ್ತು ಎಂಬುದು ಇವಳಿಗೆ ಹೊಳೆದದ್ದು ಆಮೇಲೆ. ಹೇಳದೆ ಇರುವ ಹಾಗೇ ಇಲ್ಲ. ಹೇಳದಿದ್ದರೆ ಸಂಜೆ ಆ ಮಗು ಹೋಗುವುದು ಅದೇ ಇಸ್ತ್ರಿಪೆಟ್ಟಿಗೆ ಇರುವ ಮನೆಗೆ.

ಹೆಡ್‌ಮಿಸ್ಸಿಗೆ ಅವಸರದಲ್ಲಿ ವಿಷಯ ತಿಳಿಸಿ, ಅವರ ಪಕ್ಕದ ಕೋಣೆಯಿಂದ ಮಕ್ಕಳ ರಕ್ಷಣಾ ಕಚೇರಿಗೆ ಫೋನ್ ಮಾಡಿದಳು. ಮಗುವಿನ ಬಗ್ಗೆ ಹೇಳಿ ಇಟ್ಟುಬಿಡಲಿಲ್ಲ. ಕಾಲೇಜಿನ ಎರಡನೇ ವರ್ಷದಲ್ಲಿ ನೊಂದ ಹೆಂಗಸರ ಆಶ್ರಯಧಾಮದಲ್ಲಿ ಕೆಲಸ ಕಲಿಯಲು ಹಾಕಿದ್ದರು. ಒಬ್ಬರನ್ನು ಉಳಿಸಲು ಹೊರಟರೆ ಹೊಡೆಯುವವನ ಸಿಟ್ಟು ಇನ್ನೊಬ್ಬರ ಮೇಲೆ ತಿರುಗುತ್ತದೆ ಎಂಬುದನ್ನು ಅಲ್ಲಿ ಕಣ್ಣಾರೆ ಕಂಡಿದ್ದಳು. ಆದ್ದರಿಂದ, "ತಾಯಿ ಬಟ್ಟೆ ಕಾರ್ಖಾನೆಯಲ್ಲಿದ್ದಾಳೆ, ಮೊದಲು ಅವಳನ್ನ ಕರ್ಕೊಂಡು ಆಮೇಲೆ ಇಲ್ಲಿಗೆ ಬನ್ನಿ" ಎಂದು ಎರಡೆರಡು ಸಲ ಹೇಳಿದಳು.

ಈಚೆ ಬಂದರೆ ಹೆಡ್‌ಮಿಸ್ಸು ಸಮಾಧಾನದಿಂದ ಕುಳಿತಿದ್ದರು.

"ಒಂದು ಕಡೆ ಮಾತು ಕೇಳಿ ತೀರ್ಮಾನ ಮಾಡ್ಬಾರ್ದಮ್ಮಾ. ಅವರನ್ನೂ ಕೇಳೋಣ ಅಂತ ಫೋನ್ ಮಾಡಿದೆ."

"ಯಾರಿಗೆ?"

"ಚಿಕ್ಕಪ್ಪಂಗೆ. ಎಷ್ಟು ಮರ್ಯಾದೆಯಿಂದ ಮಾತಾಡಿದ್ರು, ಪಾಪ! ಇಲ್ಲೇ ಹತ್ರ ಇದೀನಿ, ಈಗ ಬಂದೆ ಅಂದ್ರು."

ಮಾತಿನ ಮಿಸ್ಸು ಕಿಟಕಿಯಾಚೆ ಗೇಟಿನ ಕಡೆ ನೋಡಿದಳು. ಹೆಡ್‌ಮಿಸ್ಸು ಕೆಟ್ಟವರಲ್ಲ. ಆದರೆ ಒಳ್ಳೆಯವರು ಮಾಡುವ ಅನಾಹುತ ಕೆಟ್ಟವರ ಕೈಯಲ್ಲೂ ಆಗುವುದಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ಬೈಕ್ ನಿಂತ ಸದ್ದಾಯಿತು. ಪಿಳಿಪಿಳಿ ತರಗತಿಯ ಕಿಟಕಿಯಿಂದ ಅವನನ್ನು ಕಂಡಿರಬೇಕು. ಮಿಸ್ಸು ಹೇಳಿಬಿಟ್ಟಳು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತರಗತಿಯಿಂದ ಓಡಿಹೋಗಿ, ವರಾಂಡದ ಕೊನೆಯಲ್ಲಿದ್ದ ಹುಡುಗಿಯರ ಶೌಚಾಲಯ ಹೊಕ್ಕು ಒಳಗಿನಿಂದ ಚಿಲಕ ಹಾಕಿಕೊಂಡಳು. ಇವರಿಬ್ಬರೂ ಅವನೂ ಹಿಂದೆಯೇ ಅಲ್ಲಿಗೆ ಬಂದರು.

ಕಾಲೇಜಿನಲ್ಲಿ ಇಂಥ ಸನ್ನಿವೇಶಗಳನ್ನು ನಾಟಕದಂತೆ ಆಡಿಸಿ ಕಲಿಸುತ್ತಿದ್ದರು. ಮೇಷ್ಟ್ರೇ ಸಿಟ್ಟಿನ ಅಪ್ಪನಾಗಿ ಮೇಜು ಗುದ್ದುತ್ತಿದ್ದರು. ಮಗುವಾದ ಗೆಳತಿ ಕಿಸಕ್ಕನೆ ನಗುತ್ತಿದ್ದಳು, ಇವಳು ನಿಜವಾಗಿಯೇ ಅತ್ತುಬಿಡುತ್ತಿದ್ದಳು. "ಅತ್ತಾಯ್ತಾ? ಮೂಗು ಒರೆಸ್ಕೋ. ಮತ್ತೆ ಶುರು ಮಾಡು" ಎನ್ನುತ್ತಿದ್ದರು ಮೇಷ್ಟ್ರು. ಅತ್ತು ಅತ್ತು, ಕೂಗುವ ಗಂಡಸಿನ ಮುಂದೆ ನಿಲ್ಲುವುದನ್ನು ಕಲಿತಿದ್ದಳು.

ಇವನು ಕೂಗಲೇ ಇಲ್ಲ.

ಒಗೆದು ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಬೆಣ್ಣೆಯಂಥ ಮಾತು. "ನಿಮಗೆಲ್ಲ ತೊಂದ್ರೆ ಆಯ್ತು ಮಿಸ್. ನಮ್ಮ ಮಗು ಸ್ವಲ್ಪ ಕತೆ ಕಟ್ತಾಳೆ. ಇಸ್ತ್ರಿ ಮಾಡ್ತಿದ್ದಾಗ ತಾನೇ ಬಂದು ತಾಗಿಸ್ಕೊಂಡ್ಳು." ಹೆಡ್‌ಮಿಸ್ಸು ತಲೆಯಾಡಿಸಿದರು. ಅವನು ಶೌಚಾಲಯದ ತಗಡಿನ ಬಾಗಿಲ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದ.

"ಬಾ ಕಂದಾ. ಮನೆಗೆ ಹೋಗೋಣ. ಅಮ್ಮ ಕಾಯ್ತಿದಾಳೆ. ಅಮ್ಮನ್ನ ಕಾಯಿಸ್ಬಾರ್ದು ಅಲ್ವಾ?"

ಒಳಗೆ ಚಿಲಕ ಕಿರಕ್ ಎಂದು ಸರಿಯಿತು.

ಆ ಸದ್ದಿನ ಅರ್ಥ ಮಾತಿನ ಮಿಸ್ಸಿಗೆ ತಕ್ಷಣ ಹೊಳೆಯಿತು. ಅಮ್ಮನನ್ನು ಉಳಿಸಲು ಹುಡುಗಿ ತಾನಾಗಿಯೇ ಹೊರಗೆ ಬರುತ್ತಿದ್ದಾಳೆ! ಹೇಗೆ ಹೋದಳೋ, ಅವನಿಗೂ ಬಾಗಿಲಿಗೂ ನಡುವೆ ನುಗ್ಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ತೆಗೀಬೇಡ ಪುಟ್ಟಾ! ಚಿಲಕ ಹಾಕ್ಕೋ! ಅಮ್ಮ ಮನೇಲಿಲ್ಲ. ಕಚೇರಿಯವರು ಅಮ್ಮನ್ನ ಕರ್ಕೊಂಡೇ ಬರ್ತಿದಾರೆ. ಅಲ್ಲೀತನಕ ಯಾರು ಕರೆದ್ರೂ ತೆಗೀಬೇಡ. ನಾನು ಕರೆದ್ರೂ ತೆಗೀಬೇಡ!"

ಚಿಲಕ ಮತ್ತೆ ಬಿತ್ತು. ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನದು ಮಾತ್ರ ಹೋಯಿತು.

"ನಿಮಗೆ ಮದುವೆ ಆಗಿದ್ಯಾ ಮಿಸ್? ಮಕ್ಕಳನ್ನ ಸಾಕಿ ಗೊತ್ತಾ? ನಾಲ್ಕು ಪುಸ್ತಕ ಓದಿದ ತಕ್ಷಣ ಕಂಡೋರ ಮನೆ ಪಂಚಾಯ್ತಿ ಮಾಡೋಕೆ ಬಂದ್ಬಿಡ್ತೀರಿ."

"ಈಗ ಮಗುನ್ನ ಕಳಿಸೋಕಾಗಲ್ಲ ಸರ್."

ಇದೊಂದು ವಾಕ್ಯವನ್ನು ದನಿ ಏರಿಸದೆ, ಕ್ಷಮೆ ಕೇಳದೆ ಹೇಳಲು ಮೇಷ್ಟ್ರು ಎರಡು ವರ್ಷ ತಿದ್ದಿದ್ದರು. ಅವನು ಏನು ಹೇಳಿದರೂ ಅದನ್ನೇ ಹೇಳಿದಳು. ಕಾಲು ಮಾತ್ರ ಲಟಲಟ ನಡುಗುತ್ತಿತ್ತು, ಬೆನ್ನ ಹಿಂದಿನ ತಗಡೂ ಅದರ ಜೊತೆ ಅದುರುತ್ತಿತ್ತು. ಕಾಲು ನಡುಗದಂತೆ ಮಾಡುವ ವಿದ್ಯೆ ಯಾವ ಕಾಲೇಜಿನಲ್ಲೂ ಇಲ್ಲ.

ಅವನು ಹತ್ತಿರ ಬಂದ. ಅವಳ ತಲೆಯ ಪಕ್ಕ ಬಾಗಿಲಿಗೆ ಕೈಯೂರಿ, ಅವಳಿಗಷ್ಟೇ ಕೇಳುವಂತೆ ಹೇಳಿದ: "ನೀವು ದಿನಾ ಬಸ್‌ಸ್ಟಾಪಿಂದ ಒಬ್ರೇ ನಡ್ಕೊಂಡು ಬರ್ತೀರಲ್ವಾ? ನಾನು ನೋಡಿದೀನಿ."

ಈ ಸಲ ಅವಳ ಬಾಯಿಗೆ ಆ ವಾಕ್ಯ ಬರಲಿಲ್ಲ. ಪಕ್ಕಕ್ಕೆ ಸರಿದುಬಿಡಲೇ ಎನಿಸಿತು. ನಿಜವಾಗಿಯೂ ಎನಿಸಿತು. ಆದರೆ ಸರಿಯಲು ಕಾಲೇ ಏಳಲಿಲ್ಲ.

ಹೆಡ್‌ಮಿಸ್ಸಿಗೆ ಅವನ ಮಾತು ಕೇಳಿಸಿರಲಿಲ್ಲ. ಬಿಳಿಚಿಕೊಂಡ ಇವಳ ಮುಖ ಕಂಡಿತು. "ರೀ, ಕೈ ತೆಗೀರಿ ಆಚೆ" ಎಂದರು. "ನನ್ನ ಕೋಣೇಲಿ ಹೋಗಿ ಕೂತ್ಕೊಳ್ಳಿ. ನಡೀರಿ."

ಅವನು ಕೈ ತೆಗೆಯುವ ಮೊದಲೇ ಗೇಟಿನ ಬಳಿ ಜೀಪು ನಿಂತಿತು. ಕಚೇರಿಯ ಹೆಂಗಸು, ಒಬ್ಬ ಮಹಿಳಾ ಪೊಲೀಸ್, ಅವರ ನಡುವೆ ಕಾರ್ಖಾನೆಯ ಟೋಪಿಯನ್ನೂ ತೆಗೆಯದ ತಾಯಿ. ಅವನು ಅಂಗಿ ಸರಿಮಾಡಿಕೊಂಡು, ನಗುತ್ತಲೇ ಅವರ ಎದುರಿಗೆ ಹೋದ. ಮಹಿಳಾ ಪೊಲೀಸ್ ನಗಲಿಲ್ಲ. ಅವನನ್ನು ಹೆಡ್‌ಮಿಸ್ಸಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

ಮಾತಿನ ಮಿಸ್ಸು ನಿಂತಲ್ಲೇ ಕುಸಿದು ಒದ್ದೆ ನೆಲದ ಮೇಲೆ ಕುಳಿತಳು.

"ಅಮ್ಮ ಬಂದಿದಾಳೆ ಪುಟ್ಟಾ."

ಒಳಗಿನಿಂದ ಬಾಗಿಲ ಹತ್ತಿರಕ್ಕೆ ಸರಿದ ಹೆಜ್ಜೆಯ ಸದ್ದು. ಆಮೇಲೆ, "ಹೇಳ್ಬಿಟ್ರಲ್ಲ ಮಿಸ್."

ಕಾರಣ ಹೇಳಬಹುದಿತ್ತು. "ಹೂಂ. ಹೇಳ್ಬಿಟ್ಟೆ. ಹೇಳಲ್ಲ ಅಂದಿದ್ದು ಸುಳ್ಳು" ಎಂದಳು.

"ಇನ್ನೂ ಹೇಳ್ತೀರಾ?"

"ಹೂಂ. ಆ ಕಚೇರಿಯವರಿಗೂ ಹೇಳ್ತೀನಿ. ಪೊಲೀಸ್ ಅಕ್ಕನಿಗೂ ಹೇಳ್ತೀನಿ."

ಒಳಗೆ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು.

"ಹಂಗಾದ್ರೆ ಬೆನ್ನಿನ ಮೇಲಿರೋ ಬರೆ ವಿಷ್ಯಾನೂ ಹೇಳಿ ಮಿಸ್."

ಚಿಲಕ ಸರಿಯತೊಡಗಿತು. ಆ ಬಾಗಿಲು ತೆರೆಯುವುದೇ ಬೇಡ ಎನ್ನುವಷ್ಟು ಭಯವಾಯಿತು ಅವಳಿಗೆ. ಗೋಡೆ ಹಿಡಿದುಕೊಂಡು ಎದ್ದು ನಿಂತಳು.